ಝೆನ್‌ಗೆ ಎಸ್ಟೀಮ್ ಎಂಜಿನ್: ಒಂದು ಎಂಜಿನ್ ಬದಲಾವಣೆಯ ಪೂರ್ತಿ ಲೆಕ್ಕ

ಗೌಡರ ಮಾರುತಿ ಝೆನ್ ಕಾರು ಹಾಸನದ ನಮ್ಮ ಗ್ಯಾರೇಜಿಗೆ ಬಂದದ್ದು 2024ರ ಅಕ್ಟೋಬರಿನಲ್ಲಿ, ಮಳೆ ಹಿಂದೆ ಸರಿದ ವಾರ. 2002ರ ಗಾಡಿ. ಬಣ್ಣ ಇನ್ನೂ ಗಟ್ಟಿಯಾಗಿತ್ತು, ನೆಲದ ತಗಡು ತುಕ್ಕು ಹಿಡಿದಿರಲಿಲ್ಲ, ಸೀಟಿನ ಮೇಲೆ ಕಾಫಿ ಚೀಲದ ನಾರು ಅಂಟಿಕೊಂಡಿತ್ತು. ಹಿಂದೆ ಸೈಲೆನ್ಸರಿನಿಂದ ಮಾತ್ರ ನೀಲಿ ಹೊಗೆ, ಪೂಜೆಗೆ ಸಾಂಬ್ರಾಣಿ ಹಾಕಿದಂತೆ.

ಗೌಡರದು ಸಕಲೇಶಪುರದಿಂದ ಒಳಗೆ ಒಂದು ಕಾಫಿ ತೋಟ. ತಿಂಗಳಿಗೆ ಎರಡು ಸಲ ಮಗಳ ಮನೆಗೆಂದು ಮಂಗಳೂರಿಗೆ ಇಳಿಯುತ್ತಾರೆ. ವಾಪಸು ಬರುವಾಗ ಶಿರಾಡಿ ಘಾಟಿ ಹತ್ತಬೇಕು. ಅವರ ದೂರು ಒಂದೇ ಸಾಲಿನದು: “ಗುಂಡ್ಯ ದಾಟಿದ ಮೇಲೆ ಎರಡನೇ ಗೇರು ಬಿಟ್ಟು ಮೇಲಕ್ಕೆ ಹೋಗುವುದಿಲ್ಲ, ಲಾರಿಯವರೇ ಹಾರ್ನ್ ಹೊಡೆಯುತ್ತಾರೆ.” ಜೊತೆಗೆ ಬಂದಿದ್ದ ಅವರ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು. ಅವನ ಬಳಿ ದೂರು ಇರಲಿಲ್ಲ, ಪರಿಹಾರವೇ ಇತ್ತು. “ಅಣ್ಣ, ಇದಕ್ಕೆ ಮಾರುತಿಯದೇ ಎಸ್ಟೀಮ್ ಕಾರಿನ 1.3 ಲೀಟರ್ ಎಂಜಿನ್ ಕೂರಿಸಿಬಿಡಿ. 60 ಅಶ್ವಶಕ್ತಿ ಇರುವುದು 85 ಆಗುತ್ತದೆ. ಮಾವನಿಗೆ ಘಾಟಿಯೂ ಆಯಿತು, ನನಗೆ ಭಾನುವಾರಕ್ಕೆ ಒಂದು ಆಟಿಕೆಯೂ ಆಯಿತು.”

ಹುಡುಗ ಹೇಳಿದ್ದು ಹುಚ್ಚು ಮಾತೇನಲ್ಲ. ಝೆನ್‌ಗೆ 1.3 ಹಾಕುವುದು ನಮ್ಮ ದೇಶದಲ್ಲಿ ಹಳೆಯ ಆಸೆ. ಅದಕ್ಕೆ ಕಾರಣವೂ ಇದೆ. ಝೆನ್‌ನ 993 ಸಿಸಿ ಎಂಜಿನ್, ಎಸ್ಟೀಮಿನ 1,298 ಸಿಸಿ ಎಂಜಿನ್ ಎರಡೂ ಸುಜುಕಿಯ ಜಿ ಕುಟುಂಬದವು. ಎರಡಕ್ಕೂ ನಾಲ್ಕು ಸಿಲಿಂಡರ್, ಅಲ್ಯೂಮಿನಿಯಂ ಬ್ಲಾಕ್. ಕೊನೆಯ ವರ್ಷಗಳಲ್ಲಿ ಎರಡಕ್ಕೂ ಹದಿನಾರು ವಾಲ್ವ್. ಚಿಕ್ಕದರ ಬೋರ್, ಅಂದರೆ ಸಿಲಿಂಡರಿನ ಅಗಲ, 72 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 61. ದೊಡ್ಡದರ ಬೋರ್ 74, ಸ್ಟ್ರೋಕ್ 75.5. ಅಂದರೆ ಅಣ್ಣ ತಮ್ಮನಿಗಿಂತ ದಪ್ಪವಾಗಿರುವುದು ಎರಡೇ ಮಿಲಿಮೀಟರ್, ಎತ್ತರವಾಗಿರುವುದು ಮಾತ್ರ ಜೋರಾಗಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬಾನೆಟ್ಟಿನ ವಿಷಯ ಬಂದಾಗ ಬೇಕಾಗುತ್ತದೆ. ಸಾಲದ್ದಕ್ಕೆ ಕಂಪನಿಯೇ 1998ರಲ್ಲಿ ಇದೇ ಝೆನ್‌ನ ಮೂಗಿನೊಳಗೆ ಪ್ಯೂಜೋದ 1,527 ಸಿಸಿ ಡೀಸೆಲ್ ಎಂಜಿನ್ ಕೂರಿಸಿ ಮಾರಿತ್ತು. ಜಾಗ ಸಾಲದು ಎನ್ನುವ ಮಾತು ಅಲ್ಲಿಗೇ ಮುಗಿಯಿತು.

ಆದರೂ ನಾನು ಹೂಂ ಎನ್ನಲಿಲ್ಲ. ಯಾವ ಎಂಜಿನ್ ಹಾಕಬೇಕು ಎನ್ನುವುದಕ್ಕಿಂತ ಮುಂಚೆ ಈಗಿರುವುದಕ್ಕೆ ಏನಾಗಿದೆ ಎಂದು ನೋಡಬೇಕು. ಗ್ರಾಹಕರಿಗೆ ಈ ಭಾಗ ಬೇಸರ, ಕಾಸು ಕೊಡಲು ಮನಸ್ಸಾಗುವುದಿಲ್ಲ. ನನಗೆ ಇಡೀ ಕೆಲಸದಲ್ಲಿ ಇಷ್ಟವಾದದ್ದು ಇದೇ.

ಹಳೆಯ ಎಂಜಿನ್‌ನ ಜಾತಕ

ಮೊದಲು ಏರ್ ಫಿಲ್ಟರ್ ಡಬ್ಬಿ ತೆರೆದೆವು. ಒಳಗೆ ಇಲಿಯ ಗೂಡು. ಹತ್ತಿ, ಹುಲ್ಲು, ಕಾಫಿ ಬೀಜದ ಹೊಟ್ಟು ಎಲ್ಲ ಸೇರಿಸಿ ಅಚ್ಚುಕಟ್ಟಾಗಿ ಕಟ್ಟಿತ್ತು. ಅರ್ಧ ಫಿಲ್ಟರ್ ಅದಕ್ಕೇ ಹೋಗಿತ್ತು. ಗೌಡರು ಮುಖ ಆಚೆ ತಿರುಗಿಸಿದರು.

ಆಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ತುಳಿದು, ಸ್ಟಾರ್ಟರ್ ಹೊಡೆದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಎಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ ಎಂದು ನೋಡಿದೆವು. ಮೊದಲನೆಯದು 132 ಪಿಎಸ್‌ಐ, ಎರಡನೆಯದು 128, ಮೂರನೆಯದು 84, ನಾಲ್ಕನೆಯದು 126. ಹಾಸನ ಇರುವುದು ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿ. ಇಲ್ಲಿ ಗಾಳಿಯೇ ನೂರಕ್ಕೆ ಹತ್ತರಷ್ಟು ತೆಳು, ಹಾಗಾಗಿ ಗೇಜಿನ ಅಂಕಿ ಮಂಗಳೂರಿನಲ್ಲಿ ಬರುವುದಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಆದರೆ ಎತ್ತರ ನಾಲ್ಕು ಸಿಲಿಂಡರಿಗೂ ಒಂದೇ. ಮೂರನೆಯದೊಂದೇ 84ಕ್ಕೆ ಕುಸಿದರೆ ಅದಕ್ಕೆ ಘಟ್ಟ ಹೊಣೆಯಲ್ಲ. ಆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆವು: 118. ಎಣ್ಣೆ ಹಾಕಿದೊಡನೆ ಏರಿತು ಎಂದರೆ ಸೋರುತ್ತಿರುವುದು ಪಿಸ್ಟನ್ ರಿಂಗಿನ ಬಳಿ. ಏರದೆ ಅಲ್ಲೇ ನಿಂತಿದ್ದರೆ ವಾಲ್ವ್ ಅಥವಾ ಹೆಡ್ ಪ್ಯಾಕಿಂಗ್ ಕಡೆ ನೋಡಬೇಕಾಗುತ್ತಿತ್ತು.

ಇನ್ನೊಂದು ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ಸಮತಟ್ಟು ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕನೇ ಗೇರು ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಡಬೇಕು. ಕ್ಲಚ್ ಸರಿಯಾಗಿದ್ದರೆ ಎಂಜಿನ್ ತಟ್ಟನೆ ನಿಂತುಹೋಗುತ್ತದೆ. ಗೌಡರ ಗಾಡಿ ನಿಲ್ಲದೆ ಎರಡು ಮೂರು ಸೆಕೆಂಡು ಗೊಣಗಿಕೊಂಡೇ ಇತ್ತು. ಕ್ಲಚ್ ಪ್ಲೇಟ್ ಸವೆದು ಜಾರುತ್ತಿತ್ತು. ಅಂದರೆ ಅಳಿದುಳಿದ ಶಕ್ತಿಯೂ ಚಕ್ರ ಮುಟ್ಟುತ್ತಿರಲಿಲ್ಲ.

ಈಗ ಘಾಟಿಯ ಲೆಕ್ಕ. ಗಾಡಿ, ನಾಲ್ಕು ಜನ, ಒಂದಿಷ್ಟು ಸಾಮಾನು ಸೇರಿ 1,100 ಕಿಲೋ ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಏಳು ಮೀಟರ್ ಏರು. ಆ ತೂಕವನ್ನು ಮೇಲಕ್ಕೆ ತಳ್ಳಲು ಸುಮಾರು 755 ನ್ಯೂಟನ್, ಟೈರಿನ ಉರುಳಾಟಕ್ಕೆ 140, ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಳಿಗೆ 75. ಒಟ್ಟು 970. ಗಂಟೆಗೆ 50 ಎಂದರೆ ಸೆಕೆಂಡಿಗೆ 13.9 ಮೀಟರ್. ಗುಣಿಸಿದರೆ ಹದಿಮೂರೂವರೆ ಕಿಲೋವಾಟ್, ಅಂದರೆ 18 ಅಶ್ವಶಕ್ತಿ. ಗೇರ್‌ಬಾಕ್ಸಿನಲ್ಲಿ ಸೋರುವುದನ್ನೂ ಸೇರಿಸಿ 20 ಎನ್ನಿ.

ಸೋದರಳಿಯ ಕಾಗದವನ್ನು ಎರಡು ಸಲ ನೋಡಿದ. ಇಡೀ ಸಂಸಾರವನ್ನು ಹೊತ್ತು ಘಾಟಿ ಹತ್ತಲು ಬೇಕಾದದ್ದು 20 ಅಶ್ವಶಕ್ತಿ! 60 ಕೊಡುವ ಎಂಜಿನ್ ಅದನ್ನು ಮಾಡಲಾರದೇ? ಆದರೆ ಆ 60 ಸಿಗುವುದು 6,000 ಸುತ್ತಿನಲ್ಲಿ. ಮೂರನೇ ಗೇರಿನಲ್ಲಿ 50ರ ವೇಗ ಎಂದರೆ ಎಂಜಿನ್ ತಿರುಗುವುದು ನಿಮಿಷಕ್ಕೆ ಸುಮಾರು 2,800 ಸುತ್ತು. ಅಲ್ಲಿ ಆರೋಗ್ಯವಂತ ಝೆನ್ ಕೊಡುವುದು 25ರಿಂದ 27. ಘಟ್ಟದ ಮೇಲೆ ಗಾಳಿ ತೆಳುವಾದಂತೆ ಅದರಲ್ಲೂ ಹತ್ತನೇ ಒಂದು ಭಾಗ ಹೋಗುತ್ತದೆ. ಉಳಿಯುವುದು ಬೇಕಾದದ್ದಕ್ಕಿಂತ ಒಂದೆರಡು ಹಿಡಿ ಹೆಚ್ಚು, ಅಷ್ಟೇ. ಮೂರನೇ ಸಿಲಿಂಡರ್ ಸುಸ್ತಾದರೆ, ಫಿಲ್ಟರಿನಲ್ಲಿ ಇಲಿ ಸಂಸಾರ ಹೂಡಿದರೆ, ಕ್ಲಚ್ ಜಾರಿದರೆ ಆ ಒಂದೆರಡು ಹಿಡಿಯೂ ಇಲ್ಲ. ಚಾಲಕ ಎರಡನೇ ಗೇರಿಗೆ ಇಳಿಯುತ್ತಾನೆ, ಲಾರಿಯವನು ಹಾರ್ನ್ ಹೊಡೆಯುತ್ತಾನೆ. ಗೌಡರ ದೂರು ಅಕ್ಷರಶಃ ಈ ಲೆಕ್ಕವೇ.

ಹಾಗೆಂದು ಅಳಿಯನ ಮಾತನ್ನು ತಳ್ಳಿಹಾಕಲೂ ಆಗುವುದಿಲ್ಲ. 1.3 ಎಂಜಿನ್ ಇದ್ದರೆ ಅದೇ 2,800 ಸುತ್ತಿನಲ್ಲಿ ಮೂರರಲ್ಲೊಂದು ಭಾಗ ಹೆಚ್ಚು ಎಳೆತ ಸಿಗುತ್ತದೆ, ಹಿಂದಿಕ್ಕುವಾಗ ಎದೆ ಹೊಡೆದುಕೊಳ್ಳುವುದಿಲ್ಲ. ಝೆನ್ ತೂಗುವುದು ಸುಮಾರು 760 ಕಿಲೋ. ಅದರ ಮೇಲೆ 85 ಅಶ್ವಶಕ್ತಿ ಎಂದರೆ ಎಸ್ಟೀಮೇ ಹಿಂದೆ ಬೀಳುತ್ತದೆ. ಹುಡುಗನ ಕಣ್ಣು ಹೊಳೆದದ್ದು ಸುಮ್ಮನೆ ಅಲ್ಲ.

ಸಂತೆಯಲ್ಲಿರುವ ಎಂಜಿನ್‌ಗಳು

ಎಲ್ಲ ದಾರಿಗಳನ್ನೂ ಒಂದು ಹಾಳೆಯಲ್ಲಿ ಬರೆದೆವು. ಕೆಲವಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ವ್ಯಾಗನ್‌ಆರ್‌ನ 1,061 ಸಿಸಿ ಎಂಜಿನ್ ಬೇಕಾದಷ್ಟು ಸಿಗುತ್ತದೆ, ಆದರೆ ಅದು ಬೇರೆ ಕುಟುಂಬದ್ದು. ನಾಲ್ಕು ಅಶ್ವಶಕ್ತಿಯ ಲಾಭಕ್ಕೆ ಎಂಜಿನ್ ಕೂರುವ ಮೌಂಟಿಂಗ್ ಎಲ್ಲ ಹೊಸದಾಗಿ ಬೆಸುಗೆ ಹಾಕುವುದು ಬುದ್ಧಿವಂತಿಕೆಯಲ್ಲ. 2010ರಿಂದ ಈಚಿನ ಸ್ವಿಫ್ಟ್‌ನ 1,197 ಸಿಸಿ ಎಂಜಿನ್ ಒಳ್ಳೆಯದು, ಆದರೆ ಅದರ ಎಲೆಕ್ಟ್ರಾನಿಕ್ಸ್‌ಗೂ 2002ರ ಗಾಡಿಗೂ ಮಾತುಕತೆಯೇ ಇಲ್ಲ. ಹಳೆಯ ಬಲೆನೊ ಸೆಡಾನಿನ 1,590 ಸಿಸಿ ಎಂಜಿನ್ ಜಿ ಕುಟುಂಬದ್ದೇ. ಅದನ್ನು ಝೆನ್‌ಗೆ ಹಾಕಿದವರೂ ಇದ್ದಾರೆ. ಅಷ್ಟು ಎಳೆತಕ್ಕೆ ಝೆನ್‌ನ ಗೇರ್‌ಬಾಕ್ಸ್ ಎಷ್ಟು ದಿನ ಬಾಳುತ್ತದೆ ಎಂದು ಕೇಳಿದಾಗ ಅಳಿಯನೇ ಅದನ್ನು ಹೊಡೆದುಹಾಕಿದ. ವಿದ್ಯುತ್ ಮೋಟಾರಿನ ಮಾತೂ ಬಂತು. ಹಳೆಯ ಗಾಡಿಗೆ ಅನುಮೋದಿತ ಕಿಟ್ ಹಾಕಲು ಎಐಎಸ್-123 ಎಂಬ ಮಾನದಂಡವೇ ಇದೆ, ಕಾನೂನಿನ ದೃಷ್ಟಿಯಿಂದ ದಾರಿ ತೆರೆದಿದೆ. “ಮಳೆಗಾಲದಲ್ಲಿ ತೋಟದಲ್ಲಿ ಮೂರು ದಿನ ಕರೆಂಟ್ ಇರುವುದಿಲ್ಲ” ಎಂದರು ಗೌಡರು. ಅದೂ ಹೋಯಿತು.

ಉಳಿದದ್ದು ಮೂರು: ಇದೇ ಎಂಜಿನ್ ಬಿಚ್ಚಿ ರೀಬೋರ್ ಮಾಡಿಸುವುದು (ಸವೆದ ಸಿಲಿಂಡರಿನ ಗೋಡೆಯನ್ನು ಕೊರೆದು ನುಣುಪು ಮಾಡುವುದು), ಇನ್ನೊಂದು ಝೆನ್‌ನ ಅಂಥದ್ದೇ 993 ಸಿಸಿ ಎಂಜಿನ್ ತಂದು ಹಾಕುವುದು, ಇಲ್ಲವೇ ಎಸ್ಟೀಮಿನ 1.3.

1.3ರ ಯೋಜನೆ

ಕಾಗದದ ಮೇಲಾದರೂ ಪೂರ್ತಿ ಮಾಡಿ ನೋಡೋಣ ಎಂದು ಒಂದು ವಾರ ಕೂತೆವು. ಗುಜರಿಯಿಂದ ಒಡೆದ 1.3 ಎಂಜಿನ್ ಒಂದನ್ನು ಕಿಲೋ ಲೆಕ್ಕದಲ್ಲಿ ತಂದೆ. ಅದು ಓಡಬೇಕಾಗಿರಲಿಲ್ಲ, ಅಳತೆಗೆ ಮೈ ಕೊಟ್ಟರೆ ಸಾಕಿತ್ತು. ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಝೆನ್ ಗೇರ್‌ಬಾಕ್ಸನ್ನು ಅದರ ಬೆನ್ನಿಗೆ ಹಿಡಿದು ನೋಡಿದಾಗ ಬೋಲ್ಟ್ ತೂತುಗಳು ಕೂಡಿದವು. ಕುಟುಂಬ ಒಂದೇ ಎನ್ನುವುದರ ಲಾಭ ಇದು.

ಬಾನೆಟ್ ಮುಟ್ಟುತ್ತದೆಯೇ ಎನ್ನುವುದು ಮುಂದಿನ ಪ್ರಶ್ನೆ. ಅದಕ್ಕೆ ಎದುರಿನ ಹೋಟೆಲಿನಿಂದ ಚಪಾತಿ ಹಿಟ್ಟು ತರಿಸಿದೆ. ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಝೆನ್‌ನ ಈಗಿನ ಎಂಜಿನ್ ಮೇಲೆ ಐದು ಕಡೆ ಇಟ್ಟು, ಬಾನೆಟ್ಟನ್ನು ಮೆಲ್ಲಗೆ ಒತ್ತಿ ಮುಚ್ಚಿ ತೆರೆದೆವು. ಉಂಡೆಗಳು ಚಪ್ಪಟೆಯಾಗಿದ್ದವು. ಒಂದೊಂದನ್ನೂ ಬ್ಲೇಡಿನಿಂದ ನಡುವೆ ಸೀಳಿ ದಪ್ಪ ಅಳೆದೆ. ಎಂಜಿನ್‌ಗೂ ತಗಡಿಗೂ ನಡುವಿನ ಸಂದು ಅಷ್ಟೇ. ಆಮೇಲೆ ಗುಜರಿಯ 1.3 ಎಂಜಿನ್ ಎಷ್ಟು ಎತ್ತರ ಎಂದು ಮೇಜಿನ ಮೇಲೆ ಅಳೆದು ಹೋಲಿಸಿದೆವು. ಸ್ಟ್ರೋಕ್ 14.5 ಮಿಲಿಮೀಟರ್ ಹೆಚ್ಚಾದರೆ ಪಿಸ್ಟನ್‌ನ ಏರಿಳಿತವನ್ನು ಸುತ್ತಾಗಿಸುವ ಕ್ರ್ಯಾಂಕ್ ತಿರುಗುವ ಅಂಗಳವೇ ದೊಡ್ಡದಾಗಬೇಕು, ಅದರ ಮೇಲೆ ಬ್ಲಾಕೂ ಬೆಳೆಯುತ್ತದೆ. ಲೆಕ್ಕ ಹಾಕಿದಾಗ ಬಾನೆಟ್ ಮುಚ್ಚುತ್ತಿತ್ತು, ಆದರೆ ಅತಿ ಇಕ್ಕಟ್ಟಿನ ಕಡೆ ಉಳಿಯುತ್ತಿದ್ದದ್ದು ಒಂದು ಬೆರಳು. ಎಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕೂತಿರುತ್ತದೆ. ಗೇರು ಹಾಕಿ ಎಳೆದಾಗ ತೊನೆಯುತ್ತದೆ. ಒಂದು ಬೆರಳು ಸಾಕು, ಆದರೆ ಮೌಂಟಿಂಗ್ ಹೊಸದಾಗಿರಬೇಕು.

ಗೇರಿನ ಲೆಕ್ಕ ಇನ್ನೂ ಸ್ವಾರಸ್ಯ. ಯಾರ ಮಾತನ್ನೂ ನಂಬದೆ ಗೇರಿನ ಅನುಪಾತ, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ಎಂದು ಅಳೆಯಲು ಒಂದು ಹಳೆಯ ಉಪಾಯವಿದೆ. ಐದನೇ ಗೇರಿಗೆ ಹಾಕಿ, ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ, ಕ್ರ್ಯಾಂಕ್ ಪುಲ್ಲಿಗೆ ಸೀಮೆಸುಣ್ಣದ ಗುರುತು ಹಾಕಬೇಕು. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಎರಡೂ ಚಕ್ರಗಳಿಗೆ ಎಳೆತ ಹಂಚುವ ಡಿಫರೆನ್ಷಿಯಲ್ ಒಂದೇ ಸುತ್ತು ಬರುತ್ತದೆ. ಆ ಹೊತ್ತಿಗೆ ಪುಲ್ಲಿ ಎಷ್ಟು ಸುತ್ತು ಬಂತೋ ಅದೇ ಒಟ್ಟು ಅನುಪಾತ. ಪ್ಲಗ್ ಬಿಚ್ಚಿರಬೇಕು, ಇಲ್ಲದಿದ್ದರೆ ತಿರುಗಿಸುವವನ ರಟ್ಟೆ ಬೀಳುತ್ತದೆ. ಅಳಿಯ ಚಕ್ರ ತಿರುಗಿಸಿದ, ನಾನು ಬಗ್ಗಿ ಎಣಿಸಿದೆ: ಹೆಚ್ಚು ಕಡಿಮೆ ಮೂರೂಕಾಲು.

ಝೆನ್‌ನ 145/70 ಆರ್13 ಟೈರಿನ ಸುತ್ತಳತೆ 1,675 ಮಿಲಿಮೀಟರ್. ಗಂಟೆಗೆ ನೂರರ ವೇಗದಲ್ಲಿ ಆ ಚಕ್ರ ನಿಮಿಷಕ್ಕೆ 995 ಸುತ್ತು ಹಾಕುತ್ತದೆ, ಎಂಜಿನ್ 3,230. ಒಂದು ಲೀಟರ್ ಎಂಜಿನ್‌ಗೆ ಅದು ಸರಿ. 1.3ಕ್ಕೆ ಅಷ್ಟು ಸುತ್ತು ಬೇಕಿಲ್ಲ. ಸುಮ್ಮನೆ ಪೆಟ್ರೋಲು, ಸುಮ್ಮನೆ ಸದ್ದು. ಎಸ್ಟೀಮಿನ 175/70 ಆರ್13 ಟೈರ್ ಹಾಕಿದರೆ ಎಂಜಿನ್ 3,000ಕ್ಕೆ ಇಳಿಯುತ್ತದೆ, ಆದರೆ ತಿರುವಿನಲ್ಲಿ ಟೈರು ಮಡ್‌ಗಾರ್ಡ್ ಒಳಗೋಡೆಗೆ ತಾಗುವ ಭಯ. ಹಾಗಾದರೆ ಎಸ್ಟೀಮಿನ ಗೇರ್‌ಬಾಕ್ಸನ್ನೇ ತರಬೇಕೇ? ತಂದರೆ ಎಕ್ಸೆಲ್‌ಗಳ ಉದ್ದ ಹೊಂದುವುದಿಲ್ಲ. ಒಳಗಿನ ಜಾಯಿಂಟ್ ಒಂದು ಗಾಡಿಯದು, ಹೊರಗಿನದು ಇನ್ನೊಂದರದು ಎಂದು ಜೋಡಿಸಬೇಕು.

ಹೀಗೆ ಒಂದು ಎಳೆ ಎಳೆದರೆ ಇನ್ನೊಂದು ಬಿಚ್ಚುತ್ತಾ ಹೋಯಿತು. 85 ಅಶ್ವಶಕ್ತಿಯ ಬಿಸಿಗೆ ಝೆನ್‌ನ ರೇಡಿಯೇಟರ್ ಸಾಲುವುದಿಲ್ಲ, ಎಸ್ಟೀಮಿನದು ಬೇಕು. ಆ ವೇಗಕ್ಕೆ ಝೆನ್‌ನ ಬ್ರೇಕ್ ಸಾಲುವುದಿಲ್ಲ; ಎಸ್ಟೀಮಿನ ಮುಂದಿನ ಡಿಸ್ಕ್, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಬೇಕು. ಕಂಪ್ಯೂಟರ್ ಎಸ್ಟೀಮಿನದೇ ಇರಬೇಕು, ಏಕೆಂದರೆ ಝೆನ್‌ನ ಕಂಪ್ಯೂಟರಿಗೆ ಗೊತ್ತಿರುವುದು 993 ಸಿಸಿಯ ಹಸಿವು ಮಾತ್ರ. ಕಂಪ್ಯೂಟರ್ ಬಂದರೆ ಅದರ ವೈರಿಂಗ್ ಕಿಟ್, ಎಲ್ಲ ಸೆನ್ಸರ್, ಪೆಟ್ರೋಲ್ ಪಂಪ್ ಬರಬೇಕು. ಕೊನೆಯ ವರ್ಷಗಳ ಗಾಡಿಯಾದರೆ ಕಳ್ಳತನ ತಡೆಯುವ ಐ-ಕ್ಯಾಟ್ಸ್ ಇರುತ್ತದೆ. ಅದರ ಕೀಲಿಯೂ ಬರಬೇಕು, ಇಲ್ಲವಾದರೆ ಎಂಜಿನ್ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಗುಜರಿಯವರು ಎಂಜಿನ್ ಬೇರೆ, ಕಂಪ್ಯೂಟರ್ ಬೇರೆ, ಕೀಲಿ ಬೇರೆ ಎಂದು ಮಾರುತ್ತಾರೆ. ಹಾಗೆ ಬಿಡಿಬಿಡಿಯಾಗಿ ಕೊಂಡು ಆರು ತಿಂಗಳು ನನ್ನ ಶೆಡ್ಡಿನಲ್ಲಿ ನಿಂತ ಗಾಡಿಯನ್ನು ನಾನೇ ನೋಡಿದ್ದೇನೆ. ಆದ್ದರಿಂದ ಅಳಿಯನಿಗೆ ಹೇಳಿದೆ: ಓಡುತ್ತಿರುವ ಇಡೀ ಎಸ್ಟೀಮನ್ನೇ ಕೊಂಡು ತಾ, ಬೇಕಾದದ್ದೆಲ್ಲ ಅದರಲ್ಲೇ ಇರುತ್ತದೆ, ಬಿಚ್ಚುವ ಮೊದಲು ಓಡಿಸಿಯೂ ನೋಡಬಹುದು.

ಪಟ್ಟಿ ಒಂದೂವರೆ ಪುಟ ಆಯಿತು. ನನ್ನ ಅಂದಾಜು 1 ಲಕ್ಷ 60 ಸಾವಿರ ರೂಪಾಯಿ, ಅದರಲ್ಲಿ ಅರ್ಧ ಎಸ್ಟೀಮಿಗೇ. ಗೌಡರು ಕನ್ನಡಕ ಏರಿಸಿಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು. ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್, ಬ್ರೇಕ್, ವೈರಿಂಗ್, ಪಂಪ್, ಕೀಲಿ. ಓದಿ ಮುಗಿಸಿ ನನ್ನ ಮುಖ ನೋಡಿ ಕೇಳಿದರು: “ಅಲ್ಲ ಕಣಪ್ಪ, ಹಾಗಾದರೆ ಇದರಲ್ಲಿ ಝೆನ್ ಯಾವುದು?”

ನನ್ನ ಬಳಿ ಉತ್ತರ ಇರಲಿಲ್ಲ. ಅಳಿಯ ಮೆಲ್ಲಗೆ “ಬಾಗಿಲು, ಮಾವ” ಎಂದ.

ಆರ್‌ಟಿಒ ಬಾಗಿಲು

ಇಷ್ಟಾದ ಮೇಲೂ ಹುಡುಗ ಬಿಡಲು ತಯಾರಿರಲಿಲ್ಲ. ಯೋಜನೆ ನಿಂತದ್ದು ಕಾಗದಪತ್ರದ ಹತ್ತಿರ. ನಿಜ ಹೇಳಬೇಕೆಂದರೆ ಅದನ್ನೇ ಮೊದಲ ದಿನ ನೋಡಬೇಕಿತ್ತು. ಅಳತೆಯ ಹುಚ್ಚಿನಲ್ಲಿ ನಾನೂ ಮುಂದೂಡಿದೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುವುದು ಇಷ್ಟು: ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ನೋಂದಣಿ ಪತ್ರದ ವಿವರ ಬೇರೆಯಾಗುವ ಹಾಗೆ ಯಾರೂ ಗಾಡಿಯನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಡ್ಡಿ ಮುರಿದಂತೆ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. 1.3 ಎಂಜಿನ್ ಇರುವ ಝೆನ್ ಎಂಬ ಗಾಡಿಯನ್ನು ಕಂಪನಿ ಮಾರಿಲ್ಲ. ಆರ್‌ಸಿಯಲ್ಲಿ 993 ಸಿಸಿ ಎಂದು ಇರುವ ಕಡೆ 1,298 ಎಂದು ಯಾವ ಅಧಿಕಾರಿಯೂ ಬರೆದುಕೊಡುವುದಿಲ್ಲ.

“ಎಷ್ಟು ಜನ ಹಾಕಿಸಿಕೊಂಡು ಓಡಿಸುತ್ತಿಲ್ಲ, ಅಣ್ಣ?” ಎಂದ. ಓಡಿಸುತ್ತಾರೆ. ಗೌಡರ ಗಾಡಿಗೆ ಹದಿನೈದು ವರ್ಷ ತುಂಬಿದ್ದು 2017ರಲ್ಲಿ. ಆಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ, ಮುಂದಿನದು 2027ಕ್ಕೆ. ಆ ದಿನ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ ಎಂಜಿನ್ ನಂಬರ್ ನೋಡುತ್ತಾರೆ. ಅದಕ್ಕಿಂತ ದೊಡ್ಡ ಭಯ ವಿಮೆಯದು. ಘಾಟಿಯಲ್ಲಿ ಏನಾದರೂ ಆಗಿ, ಎದುರು ಗಾಡಿಯವರಿಗೆ ಪೆಟ್ಟಾಗಿ, ಸರ್ವೇಯರ್ ಬಂದು ನಂಬರ್ ತಾಳೆ ನೋಡಿದರೆ ತೋಟ ಮಾರಿ ಪರಿಹಾರ ಕೊಡುವ ಸ್ಥಿತಿ ಬರಬಹುದು. ಇದನ್ನು ಹೇಳಿದಾಗ ಅಳಿಯನಿಗಿಂತ ಮುಂಚೆ ಗೌಡರ ಹೆಂಡತಿ ತಲೆ ಅಲ್ಲಾಡಿಸಿದರು. ಅಲ್ಲಿಯವರೆಗೂ ಅವರು ಒಂದು ಮಾತೂ ಆಡಿರಲಿಲ್ಲ.

ಅದೇ ತಯಾರಕರ, ಅದೇ ಮಾದರಿಯ ಎಂಜಿನ್ ಬದಲಾಯಿಸಲು ಮಾತ್ರ ಕಾನೂನಿನಲ್ಲಿ ದಾರಿಯಿದೆ. ಮೊದಲೇ ಅರ್ಜಿ ಕೊಟ್ಟು, ಒಪ್ಪಿಗೆ ಪಡೆದು, ಹಾಕಿಸಿ, ಗಾಡಿ ತೋರಿಸಿ, ಹೊಸ ಎಂಜಿನ್ ನಂಬರನ್ನು ಆರ್‌ಸಿಗೆ ಏರಿಸಬೇಕು.

ಆಯ್ಕೆ ಎರಡಕ್ಕೆ ಇಳಿಯಿತು. ರೀಬೋರ್ ಮಾಡಿಸಿದರೆ ನಂಬರ್ ಬದಲಾಗುವುದಿಲ್ಲ, ಕಚೇರಿ ಅಲೆದಾಟ ಇಲ್ಲ. ನನ್ನ ಮನಸ್ಸು ಆ ಕಡೆಯೇ ಇತ್ತು. ಆದರೆ ಹೆಡ್ ಬಿಚ್ಚಿ ನೋಡಿದಾಗ ಮೂರನೇ ಸಿಲಿಂಡರಿನ ಗೋಡೆಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಅರ್ಧ ಮಿಲಿಮೀಟರ್ ಬೋರ್ ಹೊಡೆದರೂ ಆ ಗೀರು ಹೋಗುವುದಿಲ್ಲ ಎಂದ ಲೇತಿನವನು. ಸಿಲಿಂಡರಿನೊಳಗೆ ಹೊಸ ಗೋಡೆಯಾಗುವ ಲೈನರ್ ಕೂರಿಸಬೇಕು, ಅದಕ್ಕೆ ಕೊಯಮತ್ತೂರಿಗೆ ಕಳಿಸಬೇಕು ಎಂದ. ಹಾಗಾಗಿ ಅಂಥದ್ದೇ ಇನ್ನೊಂದು ಎಂಜಿನ್ ಎಂದು ತೀರ್ಮಾನವಾಯಿತು.

ಕೊಂಡದ್ದು, ಕೂರಿಸಿದ್ದು

ಬೆಂಗಳೂರಿನ ಶಿವಾಜಿನಗರದ ಸಂದಿಗಳಲ್ಲಿ ಎರಡು ದಿನ ಸುತ್ತಿದೆವು. ಮೊದಲ ದಿನ ನೋಡಿದ ಮೂರರಲ್ಲಿ ಎರಡಕ್ಕೆ ಕಾಗದ ಇರಲಿಲ್ಲ. ಒಂದರ ನಂಬರಿನ ಜಾಗ ಗ್ರೈಂಡರ್ ತಾಗಿದಂತೆ ನುಣ್ಣಗಿತ್ತು. ಅಂಥದ್ದನ್ನು ಬಿಟ್ಟಿ ಕೊಟ್ಟರೂ ಮುಟ್ಟಬಾರದು. ನಾಲ್ಕನೆಯದು ಹಿಂದಿನಿಂದ ಗುದ್ದಿಸಿಕೊಂಡ 2004ರ ಝೆನ್‌ನದು. ಗಾಡಿಯ ನೋಂದಣಿ ರದ್ದಾದ ಪತ್ರದ ಪ್ರತಿ ಇತ್ತು, ಎಂಜಿನ್ ನಂಬರ್ ಬರೆದ ಬಿಲ್ ಕೊಡಲು ಅಂಗಡಿಯವರು ಒಪ್ಪಿದರು. ನೆಲದ ಮೇಲೆ ಟೈರಿನ ಮೇಲಿಟ್ಟು, ಸ್ಟಾರ್ಟರ್ ಕಟ್ಟಿ, ಬ್ಯಾಟರಿ ಕೊಟ್ಟು ಅಲ್ಲೇ ಕಂಪ್ರೆಷನ್ ನೋಡಿದೆ: 158, 160, 155, 160. ಬೆಂಗಳೂರೂ ಹಾಸನದಷ್ಟೇ ಎತ್ತರ, ಹಾಗಾಗಿ ಅಂಕಿಗಳನ್ನು ನೇರವಾಗಿ ಹೋಲಿಸಬಹುದು. ನಾಲ್ಕರ ನಡುವಿನ ಅಂತರ ಐದು. ಅಂಗಡಿಯವರು ಚಹಾ ತರಿಸುವಷ್ಟರಲ್ಲಿ ಮಾತು ಮುಗಿದಿತ್ತು.

ಎಂಜಿನ್ ಹೊರಗಿರುವಾಗ ಮಾಡದ ಕೆಲಸವನ್ನು ಆಮೇಲೆ ದುಪ್ಪಟ್ಟು ಕೂಲಿ ಕೊಟ್ಟು ಮಾಡಿಸಬೇಕಾಗುತ್ತದೆ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಎಂಜಿನ್ ಮೌಂಟಿಂಗ್ ಎಲ್ಲವನ್ನೂ ಹೊಸದಾಗಿ ಹಾಕಿದೆವು. ಪೆಟ್ರೋಲ್ ಪೈಪ್‌ಗಳನ್ನೂ ಬದಲಾಯಿಸಿದೆವು. ಈಗ ಬಂಕ್‌ಗಳಲ್ಲಿ ಬರುತ್ತಿರುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಇಪ್ಪತ್ತೆರಡು ವರ್ಷದ ರಬ್ಬರ್ ಬಾಳುವುದಿಲ್ಲ. ಹಳೆಯ ಅರ್ತ್ ಪಟ್ಟಿ ಹಸಿರು ಕಿಲುಬು ಹಿಡಿದಿತ್ತು, ಅದನ್ನೂ ತೆಗೆದೆ. ಇಷ್ಟು ಅಗ್ಗದ ವಸ್ತುವನ್ನು ಮರೆತು ದಿನಗಟ್ಟಲೆ ಸೆನ್ಸರ್ ಹುಡುಕಿದವರಿದ್ದಾರೆ.

ಚೈನ್ ಪುಲ್ಲಿಯಿಂದ ಎಂಜಿನ್ ಇಳಿಸಿದ್ದು ಒಂದು ಬೆಳಿಗ್ಗೆ. ಜಿಗಿದು ಕೂತಂತೆ ಕೂತಿತು. ವೈರಿಂಗ್ ಕಿಟ್, ಕಂಪ್ಯೂಟರ್, ಎಕ್ಸೆಲ್, ರೇಡಿಯೇಟರ್ ಯಾವುದನ್ನೂ ಮುಟ್ಟಬೇಕಾಗಲಿಲ್ಲ. ಸಂಜೆ ನಾಲ್ಕಕ್ಕೆ ಹೊತ್ತಿಕೊಂಡಿತು. ಒಟ್ಟು ಖರ್ಚು 58 ಸಾವಿರ.

ಆರ್‌ಟಿಒ ಕಚೇರಿಯ ಅಂಗಳದಲ್ಲಿ ಎಂಜಿನ್ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಕೆಲಸ ಅಳಿಯನ ಪಾಲಿಗೆ ಬಂತು. ಬ್ಲಾಕಿನ ಮೇಲೆ ಒರಟು ಜಾಗ, ಕೈ ಹೋಗದ ಮೂಲೆ. ಮೂರನೇ ಕಾಗದಕ್ಕೆ ಅಂಕಿಗಳು ಸ್ಪಷ್ಟವಾಗಿ ಮೂಡಿದವು. ಒಪ್ಪಿಗೆ, ತಪಾಸಣೆ, ಹೊಸ ಆರ್‌ಸಿ ಎಲ್ಲ ಸೇರಿ ಒಂದು ತಿಂಗಳು ಹಿಡಿಯಿತು. ಆರ್‌ಸಿ ಕೈಗೆ ಬಂದ ಮೇಲೆ ವಿಮೆ ಪಾಲಿಸಿಯಲ್ಲೂ ನಂಬರ್ ತಿದ್ದಿಸಿದೆವು. ಈ ಒಂದು ಕೆಲಸವನ್ನು ಬಹಳ ಜನ ಮರೆಯುತ್ತಾರೆ.

ಸಂಕ್ರಾಂತಿ ಕಳೆದು ಗೌಡರು ಮಂಗಳೂರಿಗೆ ಹೋಗಿ ಬಂದರು. ವಾಪಸು ಬರುವಾಗ ನಾಲ್ಕು ಜನ, ಒಂದು ಚೀಲ ತೆಂಗಿನಕಾಯಿ, ಡಿಕ್ಕಿಯ ತುಂಬ ಸಾಮಾನು. ಗುಂಡ್ಯದಿಂದ ಮಾರನಹಳ್ಳಿ, ದೋಣಿಗಾಲ್ ದಾಟುವವರೆಗೂ ಮೂರನೇ ಗೇರಿನಲ್ಲೇ ಬಂದರಂತೆ. ಎರಡು ಕಡಿದಾದ ತಿರುವಿನಲ್ಲಿ ಮಾತ್ರ ಎರಡಕ್ಕೆ ಇಳಿಸಿದರಂತೆ. ಕಾಗದದ ಮೇಲೆ ಬಂದ ಒಂದೆರಡು ಹಿಡಿ ರಸ್ತೆಯ ಮೇಲೂ ಸಿಕ್ಕಿತ್ತು. ಲಾರಿ ಹಿಂದಿಕ್ಕಿದಿರಾ ಎಂದು ಕೇಳಿದೆ. “ಅವರ ಪಾಡಿಗೆ ಅವರು ಹೋಗಲಿ ಬಿಡು” ಎಂದರು.

ಅಳಿಯ ಆಗಲೇ ನೋಡಿಟ್ಟಿದ್ದ ಎಸ್ಟೀಮನ್ನು ಬಿಡಲಿಲ್ಲ. ಬಿಚ್ಚಲೆಂದು ಹುಡುಕಿದ ಗಾಡಿಯ ಆರ್‌ಸಿ ಜೀವಂತವಾಗಿತ್ತು, ಎಂಜಿನ್ ಚೆನ್ನಾಗಿತ್ತು. ಅದನ್ನು ಇಡಿಯಾಗಿಯೇ ಓಡಿಸು ಎಂದು ನಾನೇ ಹೇಳಿದ್ದೆ. ಫೆಬ್ರವರಿಯ ಒಂದು ಭಾನುವಾರ ಅದನ್ನೇ ಓಡಿಸಿಕೊಂಡು ಗ್ಯಾರೇಜಿಗೆ ಬಂದ. ಇಳಿದವನೇ ಬಾನೆಟ್ ಎತ್ತಿ, ಕಡ್ಡಿ ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ಒಳಗೆ ನೋಡುತ್ತಾ ನಿಂತ.

“ಅಣ್ಣ, ರಸ್ತೆಗಲ್ಲ, ಆಟೋಕ್ರಾಸ್ ರೇಸಿಗೆ ಮಾತ್ರ. ಇದಕ್ಕೆ ಬಲೆನೊದ 1.6 ಕೂರುತ್ತದೆಯಂತೆ, ಹೌದೇ?”

ನಾನು ಕೈ ಒರೆಸಿಕೊಂಡು, ಚಪಾತಿ ಹಿಟ್ಟು ತರಲು ಗ್ಯಾರೇಜಿನ ಹುಡುಗನನ್ನು ಹೋಟೆಲಿಗೆ ಕಳಿಸಿದೆ.